ಜೇಬಿನ ಮೇಲಿನ ಗ್ವಾನೋಸಿನ್

ನನ್ನ ಗಂಡನಿಗೆ ಅವರಪ್ಪ ಇಟ್ಟ ಹೆಸರೊಂದಿತ್ತು. ಆದರೆ ಅವರು ಕೆಲಸ ಮಾಡುವ ಸಂಶೋಧನಾಲಯದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಗ್ವಾನೋಸಿನ್ ಅಂತ.

ಅವರದು ಹೇಳಿಕೊಳ್ಳುವಂಥ ಕೆಲಸವೇನಲ್ಲ. ಏಣಿ ಹತ್ತಿ, ಕಿಟಕಿಗಳ ಕೆಳಗೆ, ಏಸಿ ಡಬ್ಬಗಳ ಮೇಲೆ ಪಾರಿವಾಳಗಳು ಹಾಕಿದ ಹಿಕ್ಕೆಯನ್ನು ತಗಡಿನಿಂದ ಕೆರೆದು ತೆಗೆಯಬೇಕು. ಒಣಗಿದ್ದು ಸುಲಭಕ್ಕೆ ಬಿಡುವುದಿಲ್ಲ. ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಆಮೇಲೆ ಕೆರೆಯಬೇಕು. ಆ ಪುಡಿ ಮೂಗಿಗೆ ಹೋಗಿ ವರ್ಷವಿಡೀ ಕೆಮ್ಮು. ಮೊದಮೊದಲು ಅವರನ್ನು ‘ಏಯ್’ ಅಂತಲೇ ಕೂಗುತ್ತಿದ್ದರು. ಒಂದು ದಿನ ಅಲ್ಲಿಯ ವಿಜ್ಞಾನಿಯೊಬ್ಬ, ಕನ್ನಡಕದ ಸಾಹೇಬ, “ಬಾರಪ್ಪಾ ಗ್ವಾನೋಸಿನ್” ಅಂದನಂತೆ. ಸುತ್ತ ನಿಂತವರೆಲ್ಲ ನಕ್ಕರಂತೆ. ಇವರೂ ನಕ್ಕರು, ಪಾಪ.

“ಹಂಗಂದ್ರೆ ಏನು ಸಾರ್?”

“ನಿನ್ನೊಳಗೂ ಇದೆ, ನನ್ನೊಳಗೂ ಇದೆ ಕಣಯ್ಯಾ. ಅಪ್ಪನ ಮೂಗು ಮಗಳಿಗೆ ಬರುತ್ತಲ್ಲ, ಅದನ್ನ ದಾಟಿಸೋ ವಸ್ತು ಕಟ್ಟೋಕೆ ಬೇಕಾದ ಇಟ್ಟಿಗೆ ಅದು. ಅದಿಲ್ದೆ ಜೀವಾನೇ ಇಲ್ಲ.”

ಸುಳ್ಳೇನೂ ಹೇಳಲಿಲ್ಲ ಬಿಡಿ. ಅವನ ನಾಲಿಗೆ ಬಿದ್ದುಹೋಗ, ಅರ್ಧ ಮಾತ್ರ ಹೇಳಿದ.

ಅವತ್ತಿನಿಂದ ನಮ್ಮ ಯಜಮಾನರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಲೇ, ನಾನಿಲ್ದೆ ಜೀವಾನೇ ಇಲ್ವಂತೆ!” ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. “ಹೌದೌದು, ಮೊದ್ಲು ಕೈ ತೊಳ್ಕೊಂಡು ಊಟಕ್ಕೆ ಬನ್ನಿ” ಅಂದೆ. ಆದರೂ ಒಳಗೊಳಗೆ ನನಗೂ ಖುಷಿಯೇ. ನಾನು ಹೊಲಿಗೆಯವಳು. ಕೆಲಸದ ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ ಆ ಹೆಸರನ್ನು ನಾನೇ ಕೈಯಾರೆ ಹಾಕಿಕೊಟ್ಟೆ. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಮಗಳು ಆ ಪಾಠಕ್ಕಿನ್ನೂ ಬಂದಿರಲಿಲ್ಲ. ಮಗಳ ಕಣ್ಣಿಗೆ ದೊಡ್ಡವನಾಗಿ ಕಾಣಬೇಕು ಅನ್ನುವುದೊಂದೇ ಆ ಮನುಷ್ಯನ ಆಸೆ. ಬೇರೆ ಏನನ್ನೂ ಕೇಳಿದವರಲ್ಲ.

ಒಂದು ದಿನ ಮಗಳ ಕಾಲೇಜಿನವರು ಮಕ್ಕಳನ್ನು ಅದೇ ಸಂಶೋಧನಾಲಯ ತೋರಿಸಲು ಕರೆದುಕೊಂಡು ಹೋದರು. ಇವರು ಬೆಳಿಗ್ಗೆಯೇ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೊರಟರು.

ಸಂಜೆ ಮಗಳು ಮೊದಲು ಬಂದಳು. ಚಪ್ಪಲಿಯನ್ನೂ ಬಿಡದೆ ನನ್ನ ಹೊಲಿಗೆ ಮಷೀನಿನ ಪಕ್ಕ ಕುಸಿದು ಕೂತು ಬಿಕ್ಕಳಿಸಿ ಅತ್ತಳು.

“ಅಮ್ಮಾ, ಗ್ವಾನೋಸಿನ್ ಅನ್ನೋ ಹೆಸರು ಬಂದಿದ್ದು ‘ಗ್ವಾನೋ’ದಿಂದ, ಅಂದ್ರೆ ಹಕ್ಕಿ ಹಿಕ್ಕೆಯಿಂದ. ಅದರ ಒಂದು ಭಾಗ ಮೊದಲು ಸಿಕ್ಕಿದ್ದೇ ಸಮುದ್ರದ ಹಕ್ಕಿಗಳ ಹಿಕ್ಕೇಲಂತೆ. ಆ ಸಾಹೇಬ ಅದನ್ನ ಹೇಳಿ ಕಿಟಕಿ ಕಡೆ ಕೈ ತೋರಿಸಿದ. ‘ನಮ್ಮಲ್ಲೂ ಒಬ್ಬ ಗ್ವಾನೋಸಿನ್ ಇದಾನೆ ನೋಡಿ’ ಅಂದ. ಅಪ್ಪ ಹೊರಗೆ ಏಣಿ ಮೇಲೆ ಕೆರೀತಾ ಇದ್ರು.”

“ಎಲ್ರೂ ನಕ್ಕರಾ?”

“ಎಲ್ರೂ. ನಾನೂ ನಕ್ಕೆ ಅಮ್ಮಾ. ನಗದಿದ್ರೆ ನಮ್ಮಪ್ಪ ಅಂತ ಗೊತ್ತಾಗ್ತಿತ್ತು.”

ಮುಚ್ಚಿದ ಗಾಜಿನಾಚೆ ಅವರಿಗೆ ಒಂದು ಮಾತೂ ಕೇಳಿರಲಿಲ್ಲ. ಮಗಳು ನಗುವುದು ಕಂಡು ತಾವೂ ನಕ್ಕು, ತಗಡು ಹಿಡಿದ ಕೈಯಿಂದಲೇ ಜೇಬನ್ನು ತೋರಿಸಿದ್ದರಂತೆ.

ಅಷ್ಟರಲ್ಲಿ ಬಂದೇಬಿಟ್ಟರು. “ಲೇ, ಇವತ್ತು ನೋಡ್ಬೇಕಿತ್ತು ನೀನು! ಅಷ್ಟು ಜನದ ಮುಂದೆ ನನ್ನನ್ನೇ ತೋರಿಸಿದ್ರು. ನನ್ನ ಮಗಳ ಮುಖ ಎಷ್ಟು ಅರಳಿತ್ತು ಗೊತ್ತಾ?”

ಮಗಳು ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. “ಬಿಚ್ರೀ ಆ ಅಂಗೀನ!” ಎಂದು ಕಿರುಚಿ, ಕತ್ತರಿ ಕೈಗೆ ತೆಗೆದುಕೊಂಡೆ. ಆ ಹೆಸರಿನ ಉಳಿದರ್ಧ ಬಾಯಿಂದ ಹೊರಗೆ ಬಿತ್ತು. ಮಗಳು ಯಾಕೆ ನಕ್ಕಳು ಅನ್ನುವುದೂ ಬಿತ್ತು.

ಅವರು ಮಗಳ ಕಡೆ ನೋಡಿದರು. ಅವಳು ಗೋಡೆ ಕಡೆ ತಿರುಗಿದಳು. ಅಂಗಿ ಬಿಚ್ಚಿ ಮಡಿಸಿ ನನ್ನ ಮಷೀನಿನ ಮೇಲಿಟ್ಟರು. ನಾನು ಜೇಬನ್ನು ಎಳೆದು ಮೊದಲ ಅಕ್ಷರಕ್ಕೆ ಕತ್ತರಿಯ ಮೊನೆ ಹಾಕಿದೆ. ತಟ್ಟನೆ ಕೈ ಹಿಡಿದರು.

“ಕೀಳಬೇಡ ಕಣೇ. ಕಿತ್ರೆ ನಂಗೆ ಗೊತ್ತಾಯ್ತು ಅಂತ ಅವರಿಗೆ ಗೊತ್ತಾಗುತ್ತೆ. ಆಮೇಲೆ ನಾನು ಅಲ್ಲಿ ಹೆಂಗೆ ನಗಲಿ?”

ಬೆಳಿಗ್ಗೆ ಅದೇ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದರು.