ಅಪ್ಪ ಬಾಯಿ ಬಿಡದ ಮೂರು ವರ್ಷ

ಮುದ್ದೇಬಿಹಾಳದ ನಮ್ಮ ಮನೆಯ ಮೇಲೆ ವಿಮಾನದ ಸದ್ದು ಕೇಳಿದರೆ ಸಾಕು, ಅಪ್ಪ ಉಣ್ಣುವ ತಾಟು ಬಿಟ್ಟು ಅಂಗಳಕ್ಕೆ ಓಡುತ್ತಿದ್ದ. ಹಣೆಗೆ ಕೈ ಅಡ್ಡ ಹಿಡಿದು, ಸದ್ದು ಪೂರಾ ಅಡಗುವ ತನಕ ಆಕಾಶ ನೋಡುತ್ತ ನಿಲ್ಲುವವ. ಒಳಗಿನಿಂದ ಅವ್ವ, "ಅಕಿ ಊರ ಕಡೆ ಹೊಂಟೈತೇನು? ಏನರ ಹೇಳಿ ಕಳಸ್ರಿ," ಅನ್ನುತ್ತಿದ್ದಳು. ಅಲ್ಲಿಂದ ಶುರುವಾದ ಜಗಳ ತಾಟು ತೊಳೆದಿಟ್ಟರೂ ಮುಗಿಯುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲೇ ಅಪ್ಪ ದೊಡ್ಡ ಲಡಾಯಿಗೆ, ಅಂದರೆ ಎರಡನೆಯ ಮಹಾಯುದ್ಧಕ್ಕೆ, ಭರ್ತಿಯಾಗಿ ಮೂಡಲ ಸಮುದ್ರದ ಕಡೆ ಹೋಗಿದ್ದ. ಮೂರು ವರ್ಷ ಬಿಟ್ಟು ಬಂದ. ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅಂದರೆ ತುಟಿ ಪಿಟಕ್ಕೆನ್ನಲಿಲ್ಲ. ಬಂದೂಕು ಹಿಡಿದಿದ್ದೆ ಅನ್ನಲಿಲ್ಲ, ಅಡುಗೆ ಮಾಡಿದ್ದೆ ಅನ್ನಲಿಲ್ಲ. ಗಂಡಸು ಹೆಂಡತಿಯಿಂದ ಮುಚ್ಚಿಡುವಂಥದ್ದು ಇನ್ನೇನಿರುತ್ತದೆ? ಅಲ್ಲೊಂದು ಸಂಸಾರ ಇದೆ ಎಂದು ಅವ್ವ ತೀರ್ಮಾನಿಸಿದಳು. ನಾನು ಹುಟ್ಟಿ, ಬೆಳೆದು, ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದರೂ ಆ ತೀರ್ಮಾನ ಬದಲಾಗಲಿಲ್ಲ. ನನಗೋ ಇಬ್ಬರ ಮೇಲೂ ಸಿಟ್ಟು. ಹೌದೋ ಅಲ್ಲವೋ, ಒಮ್ಮೆ ಇತ್ಯರ್ಥವಾಗಬಾರದೇ ಎಂದು ಹಲ್ಲು ಕಡಿಯುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ ಒಂದು ಸಲ ಶಾಲೆಯ ಮಕ್ಕಳನ್ನು ಸಿಂದಗಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಬ್ಬ ಮುಸಲ್ಮಾನ ಹಿರಿಯರು, ಲಡಾಯಿಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಮುಂಬೈಯ ನೌಕರಿ ಮುಗಿಸಿ ಆಗಷ್ಟೇ ಊರಿಗೆ ಮರಳಿದ್ದರು. ಗುಜರಿಗೆ ಬಿದ್ದಿದ್ದ ರಾಡಾರ್ ಭಾಗಗಳನ್ನು ಕೂಡಿಸಿ ತಂದು ಮನೆಯ ಮುಂದಿನ ಎರಡು ಕೋಣೆಗಳನ್ನು ವಸ್ತುಸಂಗ್ರಹಾಲಯ ಮಾಡಿದ್ದರು. ಕಣ್ಣಿಗೆ ಕಾಣದಷ್ಟು ದೂರದ ವಿಮಾನವನ್ನು ಗಾಜಿನ ಪರದೆಯ ಮೇಲೆ ಹಿಡಿಯುವ ಯಂತ್ರ ಅದು. ಮಕ್ಕಳಿಗೆ ವಿವರಿಸುತ್ತ ಗೋಡೆಯ ಫೋಟೋ ಕಡೆ ತಿರುಗಿದವಳು ಮಾತು ಮರೆತೆ. ಸಮುದ್ರದ ದಂಡೆ, ದೊಡ್ಡ ಕಂಬ, ಅದರ ಕೆಳಗೆ ಚಡ್ಡಿ ಹಾಕಿಕೊಂಡು ನಿಂತ ಎಂಟು ಹುಡುಗರು. ಎಡಗಡೆಯ ಕೊನೆಯವನು ನನ್ನ ಅಪ್ಪ.

ವಿಚಾರಿಸಿದಾಗ ಹಿರಿಯರು ನಕ್ಕುಬಿಟ್ಟರು. "ಗುಟ್ಟಿನ ಕೆಲಸರಿ ಅದು. ಕಾಗದಕ್ಕ ಸಹಿ ಹಾಕಿದ್ರ ಸಾಕು ಅಂದಿದ್ದ ಸಾಹೇಬ. ನಾವೆಲ್ಲಾ ಸಹಿ ಹಾಕಿ ಚಹಾ ಕುಡ್ಯಾಕ ಹೋದ್ವಿ. ನಿಮ್ಮಪ್ಪ ಒಬ್ಬಾಂವ ಕೊರಳಾಗಿನ ಲಿಂಗ ಅಂಗೈಯಾಗ ಇಟ್ಕೊಂಡು, ಹೇಂತಿ ಮುಂದನೂ ಹೇಳೂದಿಲ್ಲ ಅಂತ ಆಣಿ ಮಾಡಿದ. ಅದನ್ನ ಯಾರೂ ಕೇಳಿರಲಿಲ್ಲ. ಲಡಾಯಿ ಮುಗಿಯೂದಕ್ಕ ಪೇಪರಿನಾಗನ ಬಂತು ರಾಡಾರಿನ ಸುದ್ದಿ. ನಾವೆಲ್ಲಾ ಊರ ತುಂಬ ಹೇಳ್ಕೊಂಡು ಅಡ್ಡಾಡಿದ್ವಿ."

ಮುಂದಿನ ಭಾನುವಾರದ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಳಿದರೆ ಅವ್ವ ನಂಬುತ್ತಿರಲಿಲ್ಲ, ಅಪ್ಪ ಬರುತ್ತಿರಲಿಲ್ಲ. ಹಳೆಯ ರೇಡಿಯೋಗಳ ಪ್ರದರ್ಶನ ಎಂದು ಸುಳ್ಳು ಹೇಳಿ ಇಬ್ಬರನ್ನೂ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹೊಸ್ತಿಲು ದಾಟಿದ ಅಪ್ಪ ಯಂತ್ರ ಕಂಡ ಕೂಡಲೇ ಹಿಂದಕ್ಕೆ ಸರಿದ. ಗೆಳೆಯ ಕೈ ಚಾಚಿಕೊಂಡು ಬಂದರೆ, "ಇದನ್ನೆಲ್ಲಾ ಮಂದಿಗೆ ತೋರಸ್ತಿ? ನಾಚಿಗಿ ಇಲ್ಲೇನು?" ಎಂದು ಗದರಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟ. ನನಗೆ ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ, ಅವ್ವನನ್ನು ಫೋಟೋ ಮುಂದೆ ನಿಲ್ಲಿಸಿದೆ. ಹಿರಿಯರು ಆಣೆಯ ಕತೆ ಮತ್ತೊಮ್ಮೆ ಹೇಳಿದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಹೆಣ್ಮಕ್ಕಳು ಯಾರರ ಇದ್ರೇನ್ರಿ?"

"ಎಲ್ಲೀ ಹೆಣ್ಮಕ್ಕಳು, ತಂಗಿ? ಬರೇ ಉಸುಕು, ಸೊಳ್ಳಿ."

ಅವ್ವ ಅಳುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಕಟ್ಟೆಯ ಮುಂದೆ ನಿಂತಳು.

"ವೈರಿ ಮಂದಿ ಕಡೆಯಾಕಿ ಇದ್ನೇನ್ರಿ ನಾನು?" ಎಂದು ಕೇಳಿದಳು. ದನಿ ಏರಿಸಲಿಲ್ಲ.

ಅಪ್ಪ ತಲೆ ಎತ್ತಲಿಲ್ಲ. "ಲಿಂಗ ಮುಟ್ಟಿ ಮಾಡಿದ ಆಣಿ," ಅಂದ.

ಇಷ್ಟು ವರ್ಷ ಅವನ ಮೇಲಿದ್ದ ನನ್ನ ಅನುಮಾನ ಹೋಯಿತು, ಸಿಟ್ಟು ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ಸುಮ್ಮನೆ ಅತ್ತಿಂದಿತ್ತ ಅಡ್ಡಾಡಿದೆ. ಅವರಿಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು. ಅಪ್ಪ ಯಾರ ಮುಖವನ್ನೂ ನೋಡದೆ ಶುರುಮಾಡಿದ.

"ಅದು ಸಮುದ್ರದ ದಂಡಿ ಮ್ಯಾಲಿತ್ತು. ನಾವು ಎಂಟು ಮಂದಿ..."

ಅವ್ವ ಕೈ ಎತ್ತಿ ತಡೆದಳು.

"ಈಗ ಬ್ಯಾಡ್ರಿ," ಅಂದಳು. "ಈಗ ಎಲ್ಲಾರಿಗೂ ಗೊತ್ತೈತಿ."