ಚಪ್ಪಲಿಯವರಿಗೆ ಇದ್ದಿಲಿಲ್ಲ

ಇದ್ದಿಲು ಕೇಳಿಕೊಂಡು ಬಂದವರ ಮುಖವನ್ನು ಉಮರಾಕ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅರ್ಧ ಎದ್ದು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಕತ್ತು ಚಾಚುವರು. ಕಾಲಲ್ಲಿ ಬೂಟಿದ್ದರೆ ಗಿರಾಕಿ ಚಳಿಗಾಲದ ಮೋಜಿಗೆ ಮರುಭೂಮಿಯ ಟೆಂಟಿಗೆ ಹೊರಟವನು, ಕಾರು ಹೊರಗೆ ನಿಂತಿದೆ ಎಂದು ಅರ್ಥ. ಅವನಿಗೆ ಇದ್ದಿಲು ಸಿಗುತ್ತಿತ್ತು. ಹವಾಯಿ ಚಪ್ಪಲಿಯಿದ್ದರೆ ಅವನು ಮೇಲಿನ ಯಾವುದೋ ರೂಮಿನಿಂದ ಇಳಿದು ಬಂದವನು. "ಇಲ್ಲ ಮಾರಾಯ್ರೆ, ಖಲಾಸ್" ಎಂದುಬಿಡುವರು. ಹಾಗೆನ್ನುವಾಗ ಇದ್ದಿಲಿನ ಡಬ್ಬಗಳು ಅವರ ಬೆನ್ನ ಹಿಂದೆಯೇ ಚಾವಣಿ ಮುಟ್ಟುವಂತೆ ಪೇರಿಸಿರುತ್ತಿದ್ದವು. ಆ ಸುಳ್ಳು ಹೇಳಲು ಅವರಿಗೆ ಸ್ವಲ್ಪವೂ ನಾಚಿಕೆಯಿರಲಿಲ್ಲ.

ಕುವೈತಿನ ಫರ್ವಾನಿಯಾದ ನಮ್ಮ ಕಟ್ಟಡದ ಕೆಳಗೇ ಅವರು ನೋಡಿಕೊಳ್ಳುತ್ತಿದ್ದ ಕಿರಾಣಿ ಅಂಗಡಿ. ಸರಿಯಾಗಿ ಅದರ ಮೇಲಿನ ಮನೆ ನಮ್ಮದು. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಅರುವತ್ತರ ಹತ್ತಿರದ ವಯಸ್ಸು. ಹೆಸರು ಉಮರ್, ಊರಿನವರು ಗೌರವಕ್ಕೆ ಉಮರಾಕ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅಂಗಡಿಯ ಯಜಮಾನರು ಬೇರೆ. ತಿಂಗಳಿಗೊಮ್ಮೆ ಬಂದು, ಒಂದು ಚಹಾ ಕುಡಿದು, ಎರಡು ತಪ್ಪು ಹುಡುಕಿ ಹೋಗುತ್ತಿದ್ದರು.

ಕುವೈತಿನಲ್ಲಿ ಚಳಿಯಾ ಎಂದು ಊರಿನವರು ಫೋನಿನಲ್ಲಿ ನಗುತ್ತಾರೆ. ನಗಲಿ. ಬೇಸಿಗೆಯಲ್ಲಿ ನಲ್ಲಿಯಿಂದ ಸುಡುವ ನೀರು ಬರುವ ಈ ಊರಿನಲ್ಲಿ ಜನವರಿಯ ಒಂದು ಮಳೆ ಸುರಿದು ಉತ್ತರದ ಗಾಳಿ ಎದ್ದರೆ, ಅದೇ ನಲ್ಲಿಯ ನೀರಿಗೆ ಬೆರಳು ಸೆಟೆದುಕೊಳ್ಳುತ್ತದೆ. ಇಲ್ಲಿನ ಮನೆಗಳನ್ನು ಕಟ್ಟಿದವರು ಸೆಖೆಯೊಂದನ್ನೇ ಯೋಚಿಸಿ ಕಟ್ಟಿದ್ದಾರೆ. ನೆಲಕ್ಕೆಲ್ಲ ಅಮೃತಶಿಲೆ. ಗೋಡೆಯಲ್ಲಿ ಕೂರಿಸಿದ ಎ.ಸಿ.ಯ ಸುತ್ತ ಬೆರಳು ತೂರುವಷ್ಟು ಸಂದು. ಶರ್ಕ್‌ನ ನಮ್ಮ ಆಫೀಸಿನಿಂದ ಸಂಜೆ ಮನೆಗೆ ಬಂದರೆ ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಜಾಕೆಟ್ ತೆಗೆಯದೆ ಊಟಕ್ಕೆ ಕೂರುತ್ತಿದ್ದೆವು.

ಇದಕ್ಕೆಲ್ಲ ಉಮರಾಕರ ಬಳಿ ಉಪಾಯಗಳಿದ್ದವು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟಿಟ್ಟು, ನೆಲದ ಮೇಲೆ ಮಲಗುವ ರೂಮಿನವರಿಗೆಲ್ಲ ಹಂಚುತ್ತಿದ್ದರು. "ಹಾಸಿಗೆ ಅಡಿಗೆ ಹಾಕಿ. ಚಳಿ ಮೇಲಿಂದ ಬರುದಲ್ಲ ಸಾರ್, ಅಡಿಯಿಂದ ಬರುದು." ಅಕ್ಕಿಯನ್ನು ಕಾವಲಿಯ ಮೇಲೆ ಬಿಸಿ ಮಾಡಿ ಹಳೆಯ ಕಾಲುಚೀಲಕ್ಕೆ ತುಂಬಿ ಕಂಬಳಿಯೊಳಗೆ ಇಟ್ಟುಕೊಳ್ಳುವುದನ್ನು ನನಗೆ ಕಲಿಸಿದವರೂ ಅವರೇ. ಅಂಗಿಯ ಒಳಗೆ, ಎದೆಗೆ, ಒಂದು ಪದರ ದಿನಪತ್ರಿಕೆ ಹಾಕಿಕೊಂಡು ಕೂರುತ್ತಿದ್ದರು. ಉಸಿರಾಡಿದಾಗಲೆಲ್ಲ ಪರಪರ ಸದ್ದು. ನಮಗೆ ಮಗು ಹುಟ್ಟುವ ತಿಂಗಳಲ್ಲಿ ಒಂದು ದಿನ ಹಳೆಯ ಪೇಪರಿನ ಕಟ್ಟು, ಅಗಲದ ಟೇಪು ಕೊಟ್ಟು, "ಎ.ಸಿ. ಸಂದಿಗೆ ತುರುಕಿಸಿ, ಮೇಲಿಂದ ಟೇಪ್ ಹೊಡೀರಿ. ಒಂದು ಸೂಜಿಯಷ್ಟೂ ಗಾಳಿ ಬರ್ಬಾರ್ದು ಬಾಣಂತಿ ಕೋಣೆಗೆ" ಎಂದರು. ಅವರು ಹೇಳಿದಂತೆಯೇ ಮಾಡಿದೆ. ಕಿಟಕಿಯ ಅಂಚಿಗೂ ಟೇಪು ಹೊಡೆದೆ. ಇಂಜಿನಿಯರ್ ಅಲ್ಲವೇ ನಾನು, ಕೆಲಸ ಅಚ್ಚುಕಟ್ಟು.

ಇಷ್ಟೆಲ್ಲ ಬೆಚ್ಚಗಿಡುವ ಮನುಷ್ಯ ಇದ್ದಿಲಿನ ವಿಷಯಕ್ಕೆ ಮಾತ್ರ ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಬ್ಬಾಸಿಯಾದಲ್ಲಿ ನಾನು ಮೊದ್ಲು ಇದ್ದ ಅಂಗಡಿಗೆ ಒಬ್ರು ಬಂದ್ರು ಸಾರ್. ಇಂಥದ್ದೇ ಚಳಿ. ಸಾಕ್ಸ್ ಹಾಕಿ, ಅದರ ಮೇಲೆ ಚಪ್ಪಲಿ. ರೂಮಿಗೇ ತಗೊಂಡು ಹೋಗುದು ಅಂತ ನಂಗೆ ಗೊತ್ತುಂಟು. ಆದ್ರೂ ಕೊಟ್ಟೆ. ವ್ಯಾಪಾರ ಅಲ್ವಾ?" ಎಂದು ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದರು. "ಮೂರು ಜನ ಮಲಗಿದವರು ಏಳ್ಲೇ ಇಲ್ಲ. ಮುಚ್ಚಿದ ರೂಮಲ್ಲಿ ಕೆಂಡದ ಗಾಳಿ ವಿಷ ಸಾರ್, ಹೊಗೆ ಕಾಣುದಿಲ್ಲ, ವಾಸನೆ ಬರುದಿಲ್ಲ. ಬೆಚ್ಚಗೆ ನಿದ್ದೆ ಬಂದ ಹಾಗೆ ಆಗುದು, ಅಷ್ಟೇ. ನಾನು ಆ ಚಪ್ಪಲಿ ನೋಡಿದ್ದೆ ಸಾರ್. ನೋಡಿಯೂ ಕೊಟ್ಟೆ."

ಇದನ್ನು ನಾನು ಕಿವಿಯಾರೆ ಕೇಳಿದ್ದೆ. ಮುಂದಿನದನ್ನು ಓದುವಾಗ ಈ ಮಾತು ನೆನಪಿನಲ್ಲಿರಲಿ.

ಮಗಳು ಹುಟ್ಟಿದಳು. ಬಾಣಂತನಕ್ಕೆ ನಮ್ಮ ಅತ್ತೆ ಚನ್ನರಾಯಪಟ್ಟಣದಿಂದ ವಿಸಿಟ್ ವೀಸಾದಲ್ಲಿ ಬಂದರು. ಅವರ ಸೂಟ್‌ಕೇಸಿನ ಅರ್ಧ ಭಾಗ ಸಾಂಬ್ರಾಣಿ, ಬಜೆ, ಮೆಣಸು, ಹರಳೆಣ್ಣೆ. ಮೂರನೇ ವಾರಕ್ಕೆ ಚಳಿ ಕಚ್ಚಿ ಹಿಡಿಯಿತು. ರಾಡ್ ಹೀಟರೂ ಸ್ನಾನದ ಗೀಸರೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತಿತ್ತು. ಮಗುವಿಗೆ ಎಣ್ಣೆ ಸವರಿ ನೀರು ಹಾಕಿದ ಮೇಲೆ ಕೈಕಾಲು ತಣ್ಣಗಾಗಿ, ಅದು ಅತ್ತೂ ಅತ್ತೂ ಕೆಂಪಾಗುತ್ತಿತ್ತು. ಬೆಳಗ್ಗೆ ಹನ್ನೊಂದರ ಆ ಅಳು ಕೆಳಗಿನ ಅಂಗಡಿಗೂ ಕೇಳುತ್ತಿತ್ತು. "ಹನ್ನೊಂದಾಯ್ತು, ನಿಮ್ಮ ಸೈರನ್ ಆಯ್ತು" ಎಂದು ರಜೆಯ ದಿನ ಉಮರಾಕ ನನ್ನನ್ನು ಕೀಟಲೆ ಮಾಡುತ್ತಿದ್ದರು.

ಅತ್ತೆ ಮಾತ್ರ ಕೀಟಲೆಯ ಸ್ಥಿತಿಯಲ್ಲಿರಲಿಲ್ಲ. "ಸ್ನಾನ ಆದ್ಮೇಲೆ ಕೂಸಿಗೆ ಒಂಚೂರು ಸಾಂಬ್ರಾಣಿ ಹೊಗೆ ಬ್ಯಾಡ್ವಾ? ಬಾಣಂತಿ ಮಂಚದ ಕೆಳಗೆ ಒಂಚೂರು ಕೆಂಡ ಬ್ಯಾಡ್ವಾ? ಇಂಥ ಥಂಡೀಲಿ ಹಸಿ ಮೈ ಬಿಟ್ರೆ ನಾಳೆ ವಾಯು ಹಿಡ್ಕಳಕ್ಕಿಲ್ವಾ? ನನ್ ಮೂರು ಮಕ್ಳನ್ನೂ ಕೆಂಡದ ಮುಂದೇನೇ ಸಾಕಿದ್ದು ನಾನು" ಎಂದು ದಿನಾ ಹೇಳುವರು. ಅವರು ಮಕ್ಕಳನ್ನು ಸಾಕಿದ ಮನೆಗೆ ಹೆಂಚಿನ ಮಾಡು, ಅದರ ತುಂಬ ಗಾಳಿ ಆಡುವ ಸಂದು. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸ್ವಲ್ಪ ಹೊತ್ತು ತಾನೇ, ಹಗಲು ತಾನೇ, ಎಲ್ಲರೂ ಎದ್ದೇ ಇರುತ್ತೇವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತೆಯ ಮಾತಿಗೆ ದಿನಾ ಉತ್ತರ ಕೊಟ್ಟು ಸಾಕಾಗಿತ್ತು ಕೂಡ.

ಗುರುವಾರ ಸಂಜೆ ಆಫೀಸಿನಿಂದ ಬಂದವನು ಮನೆಗೆ ಹೋಗಿ ಚಪ್ಪಲಿ ಹಾಕಿದ್ದೆ. ಮತ್ತೆ ಅದನ್ನು ಬಿಚ್ಚಿ, ಬೂಟು ಹಾಕಿ, ಲೇಸು ಕಟ್ಟಿ, ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಅಂಗಡಿಗೆ ಇಳಿದೆ. "ನಾಳೆ ಆಫೀಸಿನವರೆಲ್ಲ ಟೆಂಟಿಗೆ ಹೋಗ್ತಾ ಇದೀವಿ ಉಮರಾಕ. ಎರಡು ಡಬ್ಬ ಇದ್ದಿಲು ಕೊಡಿ" ಎಂದೆ. ಅವರು ಅಭ್ಯಾಸದಂತೆ ಕತ್ತು ಚಾಚಿ ಕಾಲು ನೋಡಿದರು. ಆಮೇಲೆ ಮುಖವನ್ನೂ ನೋಡಿ, "ಹೋಗಿ ಬನ್ನಿ ಸಾರ್, ನಿಮಗೂ ಸ್ವಲ್ಪ ಗಾಳಿ ಬೇಕಲ್ಲ" ಎಂದು ಡಬ್ಬ ಇಳಿಸಿಕೊಟ್ಟರು. ಜೊತೆಗೆ ಒಂದು ಬೆಂಕಿಪೊಟ್ಟಣವನ್ನೂ ಸುಮ್ಮನೆ ಇಟ್ಟರು.

ಶುಕ್ರವಾರ ಇಲ್ಲಿ ವಾರದ ರಜೆ; ಅವತ್ತು ಮಗುವಿನ ಸ್ನಾನ ಬೇಗ, ಹತ್ತಕ್ಕೇ ಆಯಿತು. ಅತ್ತೆ ಗ್ಯಾಸಿನ ಉರಿಯ ಮೇಲೆ ಇದ್ದಿಲು ಕೆಂಪಾಗಿಸಿ, ಕಬ್ಬಿಣದ ಬಾಣಲೆಗೆ ಹಾಕಿ, ಸಾಂಬ್ರಾಣಿ ಉದುರಿಸಿ ಹೊಗೆ ಕೊಟ್ಟರು. ಬಾಣಲೆಯನ್ನು ಮಂಚದ ಕಾಲಬುಡದಲ್ಲಿಟ್ಟು ಬಾಗಿಲು ಎಳೆದುಕೊಂಡು ಬಂದರು. ಒಳಗೆ ನನ್ನ ಹೆಂಡತಿ ಸುಮಾ ಮತ್ತು ಮಗು. ಅರ್ಧ ಗಂಟೆಯ ಮೇಲೆ ಒಮ್ಮೆ ಇಣುಕಿದ ಅತ್ತೆ ಗೆದ್ದ ಮುಖದಲ್ಲಿ ಹೊರಗೆ ಬಂದು, "ನೋಡಿ, ಕೆಂಡ ಇಟ್ಟ ಮೇಲೆ ಅಮ್ಮ ಮಗಳು ಇಬ್ರೂ ಹೆಂಗೆ ನಿದ್ದೆ ಹೊಡೀತಾವ್ರೆ" ಎಂದರು. ನಾನು ಹೊರಕೋಣೆಯಲ್ಲಿ ಕೂತು, ಎಷ್ಟು ದಿನದ ಮೇಲೆ ಮನೆ ಸದ್ದಿಲ್ಲದೆ ಇದೆ ಎಂದು ಖುಷಿಪಡುತ್ತ ಚಹಾ ಕುಡಿದೆ.

ಜುಮಾ ನಮಾಜಿಗೆ ಅಂಗಡಿ ಮುಚ್ಚಿ ಹೊರಟ ಉಮರಾಕರಿಗೆ ನನ್ನ ಕಾರು ಕಂಡಿತು. ಟೆಂಟಿಗೆ ಹೋಗಬೇಕಾಗಿದ್ದ ಕಾರು ಅಲ್ಲೇ ನಿಂತಿತ್ತು, ಗಾಜಿನ ಮೇಲಿನ ಧೂಳನ್ನೂ ಯಾರೂ ಒರೆಸಿರಲಿಲ್ಲ. ಗಡಿಯಾರ ನೋಡಿಕೊಂಡರಂತೆ. ಹನ್ನೊಂದು ದಾಟಿತ್ತು. ದಿನದ ಆ ಅಳು ಕೇಳಿರಲಿಲ್ಲ.

ಬಾಗಿಲನ್ನು ಅಷ್ಟು ಜೋರಾಗಿ ಬಡಿದದ್ದಕ್ಕೆ ನಾನು ಸಿಟ್ಟಿನಿಂದಲೇ ತೆಗೆದೆ. ಅಕ್ಕಿಮೂಟೆ ತಂದಾಗಲೂ ಹೊಸಿಲು ದಾಟದೆ ಹೊರಗೇ ಇಳಿಸಿ ಹೋಗುತ್ತಿದ್ದ ಮನುಷ್ಯ ಅವರು. ಅವತ್ತು ನನ್ನನ್ನು ಪಕ್ಕಕ್ಕೆ ತಳ್ಳಿ, "ಎಲ್ಲಿ? ಕೆಂಡ ಎಲ್ಲಿ ಇಟ್ಟಿದ್ದೀರಿ?" ಎಂದರು. ಅಡುಗೆಮನೆಯಿಂದ ಅತ್ತೆ ಓಡಿಬಂದು, "ಏ ಯಾರಪ್ಪಾ ನೀನು, ಒಳಗೆ ಬಾಣಂತಿ ಅವ್ಳೆ!" ಎಂದು ಅಡ್ಡ ನಿಂತರು. ಉಮರಾಕ ಅವರನ್ನು ಸುತ್ತಿಕೊಂಡು ಒಳಗೆ ನುಗ್ಗಿದರು. ಬಟ್ಟೆಯಿಲ್ಲ, ಇಕ್ಕಳವಿಲ್ಲ, ಬರಿಗೈಯಲ್ಲಿ ಬಾಣಲೆಯ ಎರಡೂ ಕಿವಿ ಹಿಡಿದು ಎತ್ತಿಕೊಂಡು ಹೋಗಿ ಹೊರಗಿನ ಬಾಲ್ಕನಿಯಲ್ಲಿ ಎಸೆದರು. ವಾಪಸು ಬಂದು ನನ್ನ ಅಚ್ಚುಕಟ್ಟಾದ ಟೇಪನ್ನು ಉಗುರಿನಿಂದ ಕಿತ್ತು ಕಿಟಕಿ ತೆರೆದರು. "ಮಗುವನ್ನು ಎತ್ತಿ ಸಾರ್! ನೋಡ್ತಾ ನಿಲ್ಬೇಡಿ!" ಎಂದು ಕೂಗಿದರು. ಸುಮಾ ಏಳಲು ಹೋಗಿ ಕುಸಿದಳು. ಮಗು ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ನಮಾಜಿಗೆಂದು ಇಸ್ತ್ರಿ ಮಾಡಿದ್ದ ಅವರ ಬಿಳಿ ಅಂಗಿಯ ಮೇಲೆಲ್ಲ ಮಸಿ.

ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರಿಗೂ ಆಮ್ಲಜನಕ ಹಾಕಿದರು. ನಾನು ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದೆ, ನನ್ನ ಕಾಲಲ್ಲಿ ಚಪ್ಪಲಿ. ಉಮರಾಕ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಕೇಳಿದ್ದು ಒಂದೇ: "ಮಗು ಅತ್ತಿತಾ?" ಮೂರು ಗಂಟೆಯ ಹೊತ್ತಿಗೆ ಅತ್ತಿತು. ನಾನೇ ಫೋನ್ ಮಾಡಿ, ಫೋನನ್ನು ಮಗುವಿನ ಕಡೆ ಹಿಡಿದೆ.

ಕ್ಷಮೆ ಕೇಳಲು ಹೋದಾಗ ಅವರ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಸಂದಿ ಮುಚ್ಚಿ ಅಂತ ಪೇಪರ್, ಟೇಪ್ ಕೊಟ್ಟದ್ದು ನಾನು. ಇದ್ದಿಲು ಕೊಟ್ಟದ್ದೂ ನಾನು. ಬೆಂಕಿಪೊಟ್ಟಣ ಸಮೇತ" ಎಂದು ತಮ್ಮನ್ನೇ ಬೈದುಕೊಂಡರು. ಅವತ್ತಿನಿಂದ ಅವರು ಬೂಟು ಹಾಕಿದವರಿಗೂ ಇದ್ದಿಲು ಕೊಡಲಿಲ್ಲ. ಡಬ್ಬಗಳ ಮೇಲೆ ಗೋಣಿ ಹೊದಿಸಿ, ಎಲ್ಲರಿಗೂ ಖಲಾಸ್ ಎಂದರು. ಟೆಂಟಿನ ಕಾಲದಲ್ಲಿ ಇದ್ದಿಲಿಗಾಗಿಯೇ ಬರುವ ಕಾರುಗಳು ಮುಂದಿನ ಬೀದಿಗೆ ತಿರುಗಿಕೊಂಡವು. ತಿಂಗಳ ಕೊನೆಗೆ ಯಜಮಾನರು ಬಂದು ಗೋಣಿ ಎಳೆದು ನೋಡಿ, ಅವರನ್ನು ಕೆಲಸದಿಂದ ತೆಗೆದರು.

"ನಾನು ಹೋಗಿ ನಡೆದದ್ದು ಹೇಳುತ್ತೇನೆ" ಎಂದೆ. "ಬೇಡ ಸಾರ್. ಆಸ್ಪತ್ರೆ, ಪೊಲೀಸು ಅಂತ ನಿಮಗೇ ತೊಂದರೆ. ನಂಗೆ ಹೇಗೂ ವಯಸ್ಸಾಯ್ತು" ಎಂದರು. ನಾನು ಒಂದೇ ಮಾತಿಗೆ ಒಪ್ಪಿಕೊಂಡೆ. ಅಷ್ಟು ಬೇಗ ಒಪ್ಪಿಕೊಂಡದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವರ ವಾಸದ ಪರವಾನಗಿ ಇಕಾಮಾ ರದ್ದಾಗಿ ಊರಿಗೆ ಹೊರಡುವ ಮಧ್ಯಾಹ್ನ, ಮಗುವನ್ನು ಎತ್ತಿಕೊಂಡು ಸುಮಾಳೂ ನಾನೂ ಕೆಳಗಿಳಿದೆವು. ಅತ್ತೆ ಮೆಟ್ಟಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಉಮರಾಕ ಒಂದು ಪೊಟ್ಟಣ ಕೊಟ್ಟರು. ರಬ್ಬರಿನ ಬಿಸಿನೀರಿನ ಚೀಲ, ಅದಕ್ಕೆ ಉಣ್ಣೆಯ ಕವಚ. ವಾಸಿಯಾದರೂ ಇನ್ನೂ ಗುಲಾಬಿ ಬಣ್ಣಕ್ಕಿದ್ದ ಅಂಗೈಯನ್ನು ಮಗುವಿನ ತಲೆಗೆ ಮುಟ್ಟಿಸಲು ಹೋಗಿ, ಒರಟು ಎಂದು ಹಿಂದೆ ತೆಗೆದು, ಕೈಯ ಹಿಂಬದಿಯಿಂದ ಸವರಿದರು. ಟ್ಯಾಕ್ಸಿ ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು.

"ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅವತ್ತು ನೀವು ಚಪ್ಪಲಿಯಲ್ಲೇ ಬಂದು ಕೇಳಿದ್ರೆ ನಾನು ಎರಡು ಬೈದು ಮೇಲೆ ಕಳಿಸ್ತಿದ್ದೆ. ಅಷ್ಟೇ ಆಗ್ತಿತ್ತು. ಲೇಸ್ ಕಟ್ಟಿ ಬಂದ್ರಿ ಅಲ್ವಾ ಸಾರ್, ಅದು ನಂಗೆ ಹೋಗುದಿಲ್ಲ ಮನಸ್ಸಿಂದ."

ಟ್ಯಾಕ್ಸಿಯ ಹಿಂದಿನ ಗಾಜಿನಲ್ಲಿ ಅವರ ಟೋಪಿ ಮರೆಯಾಗುವವರೆಗೂ ನಿಂತಿದ್ದೆವು.

ಈ ವರ್ಷವೂ ಜನವರಿಯಲ್ಲಿ ಮಳೆ ಬಂದು ಉತ್ತರದ ಗಾಳಿ ಎದ್ದಿದೆ. ಮಗಳು ಈಗ ಸ್ವೆಟರ್ ಹಾಕಿಕೊಂಡು ಆ ಬಿಸಿನೀರಿನ ಚೀಲವನ್ನು ಗೊಂಬೆಯ ಹಾಗೆ ಎಳೆದಾಡುತ್ತ ಮನೆಯೆಲ್ಲ ಓಡುತ್ತಾಳೆ. ಕೆಳಗಿನ ಅಂಗಡಿಯಲ್ಲಿ ಹೊಸಬರೊಬ್ಬರು ಬಂದಿದ್ದಾರೆ, ಒಳ್ಳೆಯ ನಗುಮುಖ. ಇದ್ದಿಲಿನ ಡಬ್ಬಗಳು ಬಾಗಿಲ ಬಳಿಗೇ ಬಂದಿವೆ. ಮೊನ್ನೆ ಸಂಜೆ ನಾನು ಬೇಕೆಂದೇ ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು ಇಳಿದು, ಎರಡು ಡಬ್ಬ ಇದ್ದಿಲು ಕೇಳಿದೆ. ಒಂದು ಹೆಜ್ಜೆ ಹಿಂದೆ ಸರಿದು, ಕಾಲು ಚೆನ್ನಾಗಿ ಕಾಣುವ ಹಾಗೆ ನಿಂತೆ.

ಅವರು ನಗುತ್ತಲೇ ಡಬ್ಬಗಳನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, "ಮತ್ತೇನು ಬೇಕು ಭಾಯಿ?" ಎಂದರು.