ಇನ್ಸುಲಿನ್ ಕೇಳಲು ಹೋದಾಗ ಹೊದಿಸಿದ ಶಾಲು

ಸುಡಾನಿನಲ್ಲಿ ಕಾಳಗ ಶುರುವಾಗಿ ನಮ್ಮನ್ನೆಲ್ಲ ವಿಮಾನದಲ್ಲಿ ಊರಿಗೆ ಕರೆತಂದ ಮೇಲೂ, ಅಲ್ಲಿ ನಾನು ಔಷಧ ವಿಭಾಗ ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಹಿರಿಯ ನರ್ಸ್ ಮೆಸೇಜ್ ಕಳಿಸುತ್ತಲೇ ಇದ್ದರು. ಅವರು ಆ ದೇಶದವರೇ. ಹೊರಡಲು ಬೇರೆ ಊರಿರಲಿಲ್ಲ. ಸಕ್ಕರೆ ಕಾಯಿಲೆಯ ಮಕ್ಕಳ ವಾರ್ಡಿನಲ್ಲಿ ಇನ್ಸುಲಿನ್ ಮುಗಿಯುತ್ತಾ ಬಂದಿದೆ, ನಿಮ್ಮ ಸರ್ಕಾರ ಕಳಿಸುವ ಔಷಧಿಯಲ್ಲಿ ನಮ್ಮ ಆಸ್ಪತ್ರೆಗೂ ಪಾಲು ಕೇಳು. ಪ್ರತಿ ಸಲವೂ ಇದೇ ಮಾತು.

ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದೆ. ಕೊನೆಗೆ, ಆರ್.ಟಿ. ನಗರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ನನ್ನ ಕಾಲೇಜು ಗೆಳೆಯ ದೆಹಲಿಯಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರ ಭೇಟಿ ಗೊತ್ತುಮಾಡಿದ. ಔಷಧಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ಅವರೇ. ಯಲಹಂಕದ ಅತಿಥಿಗೃಹದಲ್ಲಿ ಇಳಿದಿದ್ದರು.

ಹೋಗುವಾಗ ಗೆಳೆಯ ಗಂಗಾನಗರದಲ್ಲಿ ಸ್ಕೂಟರ್ ನಿಲ್ಲಿಸಿ ಶಾಲು, ಹಾರ ಕೊಂಡ.

"ಇದ್ಯಾಕೋ? ನಾವೇನ್ ಸನ್ಮಾನ ಮಾಡೋಕ್ ಹೋಗ್ತಿದೀವಾ?"

"ಶಾಲು ಕಂಡ್ರೆ ಒಳಗ್ ಬಿಡ್ತಾರೆ ಕಣೋ. ಇಷ್ಟು ದಿನ ಬರೀ ಅರ್ಜಿ ಹಿಡ್ಕೊಂಡು ಹೋಗಿದ್ಯಲ್ಲ, ಏನ್ ಕಿತ್ತಾಕ್ದೆ?"

ನಿಜ, ಒಳಗೆ ಬಿಟ್ಟರು. ಅಧಿಕಾರಿ ಕನ್ನಡದವರೇ. ಅಂಗಳದಲ್ಲಿ ಕುರ್ಚಿ ಹಾಕಿಸಿದರು. ನಾನು ಆಸ್ಪತ್ರೆಯ ವಿಷಯ ತೆಗೆಯುವಷ್ಟರಲ್ಲಿ, ಪಕ್ಕದ ವಾಯುನೆಲೆಯಿಂದ ಎದ್ದ ಯುದ್ಧವಿಮಾನ ತಲೆಯ ಮೇಲೆಯೇ ಹಾದುಹೋಯಿತು.

ಮತ್ತೆ ಅರಿವಿಗೆ ಬಂದಾಗ ನಾನು ಕುರ್ಚಿಯ ಹಿಂದೆ ನೆಲಕ್ಕೆ ಅವುಚಿಕೊಂಡಿದ್ದೆ, ಕಿವಿ ಮುಚ್ಚಿ, ಬಾಯಿ ತೆರೆದು. ಔಷಧ ಕೋಣೆಯ ಕಿಟಕಿ ಸಿಡಿದ ದಿನ ಆ ನರ್ಸೇ ಹಾಗೆ ಕಲಿಸಿದ್ದರು. ಗಾಜಿನ ಚೂರು ಬೀಳಲೆಂದು ಕಾಯುತ್ತಿದ್ದೆ. ಬೀಳಲಿಲ್ಲ.

"ಏನ್ ಸಾರ್, ಯಲಹಂಕಕ್ಕೆ ಹೊಸಬ್ರಾ?" ಎಂದು ಕಾವಲುಗಾರ ನಕ್ಕ.

"ಸುಮ್ನಿರಪ್ಪ. ಯುದ್ಧದಿಂದ ಬಂದವ್ನು," ಎಂದ ಗೆಳೆಯ.

ಅಧಿಕಾರಿಯ ಮುಖ ಮೆತ್ತಗಾಯಿತು. ಕೈಹಿಡಿದು ಎಬ್ಬಿಸಿ, ನಾವು ತಂದಿದ್ದ ಶಾಲನ್ನು ಬಿಡಿಸಿ ನನ್ನ ಹೆಗಲಿಗೇ ಹೊದಿಸಿದರು. "ಸನ್ಮಾನ ಆಗ್ಬೇಕಾದ್ದು ನಿಮಗೆ. ನಿಮ್ಮನ್ನೆಲ್ಲ ಕರ್ಕೊಂಡು ಬರೋಕೆ ನಾವು ನಿದ್ದೆಗೆಟ್ಟಿದ್ದು ಸಾರ್ಥಕ ಆಯ್ತು ಕಣ್ರೀ."

ಯಾರೋ ಫೋಟೊ ತೆಗೆದರು.

"ಸರ್, ಆ ಮಕ್ಕಳ ಇನ್ಸುಲಿನ್..."

"ಮೊದ್ಲು ನೀವು ರೆಸ್ಟ್ ತಗೊಳ್ಳಿ," ಎಂದು ಬೆನ್ನು ತಟ್ಟಿ ಕಾರು ಹತ್ತಿದರು. ಅವರ ಸಹಾಯಕ ನನ್ನ ಅರ್ಜಿ ತೆಗೆದುಕೊಂಡು, ಹಾರವಿದ್ದ ಕವರಿನೊಳಗೆ ತುರುಕಿದ.

ಈಗಲೂ ಮನಸ್ಸು ಅದೇ ಅಂಗಳದಲ್ಲಿ ಸುತ್ತುತ್ತದೆ. ಆ ವಿಮಾನ ಇನ್ನು ಸ್ವಲ್ಪ ತಡವಾಗಿ ಹಾರಿದ್ದರೆ ಮಾತು ಮುಗಿಸಿರುತ್ತಿದ್ದೆ.

ಫೋಟೊ ಅವರಿವರ ಮೊಬೈಲ್ ದಾಟಿ ಸುಡಾನಿನ ನರ್ಸಿಗೂ ತಲುಪಿತು. ಶಾಲು ಹೊದ್ದ ನನ್ನನ್ನೂ ಪಕ್ಕದಲ್ಲಿ ನಗುತ್ತಿದ್ದ ಅಧಿಕಾರಿಯನ್ನೂ ನೋಡಿ ಒಪ್ಪಿಗೆ ಸಿಕ್ಕಿತೆಂದೇ ತಿಳಿದರು. "ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಫ್ರಿಜ್ ಒರೆಸಿ ಜಾಗ ಮಾಡಿದ್ದೇವೆ. ಯಾವತ್ತು ಬರುತ್ತದೆ?"

ಬರೆದು ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಆ ಶಾಲು ಇನ್ನೂ ನನ್ನ ಮನೆಯ ಕುರ್ಚಿಯ ಮೇಲೇ ಇತ್ತು; ಅರ್ಜಿಯ ಬಗ್ಗೆ ಯಾರಿಂದಲೂ ಒಂದು ಫೋನೂ ಬಂದಿರಲಿಲ್ಲ. ಕೊನೆಗೆ ಕಳಿಸಿದೆ: "ಬರುವುದಿಲ್ಲ. ಇರುವುದನ್ನೇ ಡೋಸ್ ಇಳಿಸಿ ಹಂಚಿ."